ಹೆಪ್ಪಿನ ಜೀವಿಗೂ ಪರೀಕ್ಷೆ ಉಂಟು
(ಸದಸ್ಯರ ತಿಳಿವಳಿಕೆ ಶಿಬಿರದಲ್ಲಿ ನೀಡಿದ ಉಪನ್ಯಾಸ)



ಹಾಲನ್ನು ಮೊಸರು ಮಾಡುವುದು ಹೆಪ್ಪಿನಲ್ಲಿರುವ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾ. ಸಿಕ್ಕಿಂ, ಡಾರ್ಜಿಲಿಂಗ್, ನೇಪಾಳದ ಬೆಟ್ಟದ ಜನ ‘ಚುರ್ಪಿ’ ಎಂಬ ಚೀಸ್ ಮಾಡುತ್ತಾರೆ. ಹಸು ಅಥವಾ ಯಾಕ್ ಹಾಲಿನ ಬೆಣ್ಣೆ ತೆಗೆದು, ಉಳಿದ ಮಜ್ಜಿಗೆಯನ್ನು ಕಾಯಿಸಿ ಒಡೆಸಿ, ಬಟ್ಟೆಯಲ್ಲಿ ಕಟ್ಟಿ ನೀರು ಬಸಿಯುತ್ತಾರೆ. ಮೆದು ಚುರ್ಪಿಯಲ್ಲೂ ಇಂಥ ಬ್ಯಾಕ್ಟೀರಿಯಾ ಕೋಟಿಗಟ್ಟಲೆ ಇರುತ್ತವೆ.

ವಿಜ್ಞಾನಿಗಳು ಇವುಗಳನ್ನು ಬೇರ್ಪಡಿಸಿ, ‘ಪ್ರೋಬಯೋಟಿಕ್’ ಆಗಬಲ್ಲವೇ ಎಂದು ಪರೀಕ್ಷಿಸುತ್ತಾರೆ. ಸಾಕಷ್ಟು ಸಂಖ್ಯೆಯಲ್ಲಿ ಜೀವಂತವಾಗಿ ಸೇವಿಸಿದಾಗ ಆರೋಗ್ಯಕ್ಕೆ ಒಳಿತು ಮಾಡುವ ಸೂಕ್ಷ್ಮಜೀವಿಯೇ ಪ್ರೋಬಯೋಟಿಕ್. ಹಾಲನ್ನು ಹುಳಿಯಾಗಿಸಿದ ಮಾತ್ರಕ್ಕೆ ಆ ಹೆಸರು ಸಲ್ಲದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ 2011ರಲ್ಲಿ ಇದಕ್ಕಾಗಿ ಮಾರ್ಗಸೂಚಿ ಹೊರಡಿಸಿವೆ.

ಪರೀಕ್ಷೆಗಳು ಮುಖ್ಯವಾಗಿ ಹೀಗಿವೆ:

1. ಜಠರದ ಆಮ್ಲದಲ್ಲಿ ಬದುಕುತ್ತದೆಯೇ? ಪಿಎಚ್ 2ರಿಂದ 3ರಷ್ಟು ಹುಳಿಯಲ್ಲಿಟ್ಟು ನೋಡುತ್ತಾರೆ.
2. ಪಿತ್ತರಸವನ್ನು ತಾಳುತ್ತದೆಯೇ? ಸಾಮಾನ್ಯವಾಗಿ ಶೇ. 0.3ರಷ್ಟು ಪಿತ್ತ ಲವಣದಲ್ಲಿ ಬೆಳೆಸುತ್ತಾರೆ.
3. ಕರುಳಿನ ಜೀವಕೋಶಗಳಿಗೆ ಅಂಟಿಕೊಳ್ಳುತ್ತದೆಯೇ? ರೋಗಾಣುಗಳನ್ನು ತಡೆಯುತ್ತದೆಯೇ?
4. ರಕ್ತಕಣಗಳನ್ನು ಒಡೆಯುತ್ತದೆಯೇ? ಒಡೆದರೆ ಅದನ್ನು ಕೈಬಿಡುತ್ತಾರೆ.
5. ಆಂಟಿಬಯೋಟಿಕ್ ಔಷಧಿಗೆ ಜಗ್ಗದ ಗುಣವಿದ್ದು, ಅದನ್ನು ಬೇರೆ ಬ್ಯಾಕ್ಟೀರಿಯಾಗಳಿಗೆ ದಾಟಿಸುತ್ತದೆಯೇ? ದಾಟಿಸುವಂತಿದ್ದರೆ ಅದೂ ಬೇಡ.

ಪ್ರಯೋಗಾಲಯದಲ್ಲಿ ಗೆದ್ದರೂ ಸಾಲದು. ಮನುಷ್ಯರಲ್ಲಿ ಪ್ರಯೋಜನ ರುಜುವಾತಾಗಬೇಕು. ಆದ್ದರಿಂದ ಮನೆಯ ಮೊಸರು ಒಳ್ಳೆಯ ಆಹಾರವೇ ಆದರೂ ಅದನ್ನು ಔಷಧಿಯೆಂದು ಹೇಳಿ ಮಾರುವುದು ಸರಿಯಲ್ಲ.

ಐದನೆಯ ಪರೀಕ್ಷೆಯ ಬೇರು ನಮ್ಮ ಕೊಟ್ಟಿಗೆಯಲ್ಲೂ ಇದೆ. ಕೆಚ್ಚಲು ಬಾವು ಬಂದಾಗ ಮನಬಂದಂತೆ ಆಂಟಿಬಯೋಟಿಕ್ ಬಳಸಿದರೆ ಔಷಧಿಗೆ ಜಗ್ಗದ ಬ್ಯಾಕ್ಟೀರಿಯಾ ಹೆಚ್ಚುತ್ತವೆ. ಔಷಧಿಯ ಅಂಶ ಹಾಲಿಗೆ ಇಳಿದರೆ ಹೆಪ್ಪಿನ ಒಳ್ಳೆಯ ಜೀವಿಗಳೇ ಸಾಯುತ್ತವೆ. ಮೊಸರೂ ಸರಿಯಾಗಿ ಹೆಪ್ಪುಗಟ್ಟದು, ಚೀಸೂ ಆಗದು. ಒಂದು ಹಸುವಿನ ಇಂಥ ಹಾಲು ಸಂಘದ ಕ್ಯಾನಿನಲ್ಲಿರುವ ಎಲ್ಲರ ಹಾಲನ್ನೂ ಕೆಡಿಸಬಲ್ಲದು.

ಆದುದರಿಂದ ಸದಸ್ಯರು ಪಶುವೈದ್ಯರ ಸಲಹೆಯಿಲ್ಲದೆ ಔಷಧಿ ಕೊಡಬಾರದು. ಕೊಟ್ಟ ದಿನಾಂಕವನ್ನು ಬರೆದಿಡಿ. ವೈದ್ಯರು ಹೇಳಿದಷ್ಟು ದಿನ ಆ ಹಸುವಿನ ಹಾಲನ್ನು ಸಂಘಕ್ಕೆ ಹಾಕಬೇಡಿ. ಒಂದೇ ಮೊಲೆಗೆ ಔಷಧಿ ಏರಿಸಿದ್ದರೂ ನಾಲ್ಕೂ ಮೊಲೆಗಳ ಹಾಲನ್ನು ಬೇರೆ ಇಡಿ. ಆ ಕೆಲವು ದಿನಗಳ ನಷ್ಟ ನಿಮ್ಮೊಬ್ಬರದು, ನಿಜ. ಹಾಕಿದರೆ ಆಗುವ ನಷ್ಟ ಊರಿನದು.