ತಿಂಗಳು ತುಂಬದ ಮಗು ಮತ್ತು ನಮ್ಮ ಹೊಣೆ

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)





ಶಿಕ್ಷಣ ಸಂಘದ ವೇದಿಕೆಯಲ್ಲಿ ಬಾಣಂತನದ ಮಾತೇಕೆ ಎಂದು ನೀವು ಕೇಳಬಹುದು. ಮಗುವಿನ ಹೆಸರು ಶಾಲೆಯ ಹಾಜರಿ ಪುಸ್ತಕಕ್ಕೆ ಬರಬೇಕಾದರೆ ಮೊದಲು ಅದು ಬದುಕಿ ಉಳಿಯಬೇಕು. ಐದು ವರ್ಷದೊಳಗಿನ ಮಕ್ಕಳ ಸಾವಿಗೆ ಇಂದು ಜಗತ್ತಿನಲ್ಲಿ ಅತಿ ದೊಡ್ಡ ಕಾರಣ ಅವಧಿಗೆ ಮುನ್ನ ಆಗುವ ಹೆರಿಗೆ.

ಗರ್ಭಕ್ಕೆ 37 ವಾರ ತುಂಬುವ ಮೊದಲೇ ಹುಟ್ಟಿದ ಮಗುವನ್ನು ಅವಧಿಪೂರ್ವ ಶಿಶು ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಇಂತಹ 1 ಕೋಟಿ 34 ಲಕ್ಷ ಮಕ್ಕಳು ಹುಟ್ಟಿದರು. ಅವರಲ್ಲಿ ಸುಮಾರು 30 ಲಕ್ಷ ಮಕ್ಕಳು ನಮ್ಮ ಭಾರತದವರು. ಬೇರೆ ಯಾವ ದೇಶದಲ್ಲಿಯೂ ಇಷ್ಟು ಸಂಖ್ಯೆಯಿಲ್ಲ. 32 ವಾರಕ್ಕೂ ಮೊದಲು ಹುಟ್ಟಿದ ಮಕ್ಕಳು ಶ್ರೀಮಂತ ದೇಶಗಳಲ್ಲಿ ಹೆಚ್ಚುಕಡಿಮೆ ಎಲ್ಲರೂ ಬದುಕುತ್ತಾರೆ. ಬಡ ದೇಶಗಳಲ್ಲಿ ಅರ್ಧದಷ್ಟು ಮಕ್ಕಳು ಸಾಯುತ್ತಾರೆ. ಇದಕ್ಕೆ ದೊಡ್ಡ ಯಂತ್ರಗಳ ಕೊರತೆಯೊಂದೇ ಕಾರಣವಲ್ಲ. ಮಗುವನ್ನು ಬೆಚ್ಚಗಿಡುವುದು, ಎದೆಹಾಲು ಕೊಡುವುದು, ಸೋಂಕು ತಗಲದಂತೆ ನೋಡಿಕೊಳ್ಳುವುದು, ಈ ಸರಳ ಕೆಲಸಗಳೂ ಸರಿಯಾಗಿ ಆಗುತ್ತಿಲ್ಲ.

1978ರಲ್ಲಿ ಕೊಲಂಬಿಯಾ ದೇಶದ ಬೊಗೊಟಾ ನಗರದ ಸರ್ಕಾರಿ ಹೆರಿಗೆ ಆಸ್ಪತ್ರೆಯಲ್ಲಿ ಶಿಶುಗಳನ್ನು ಬೆಚ್ಚಗಿಡುವ ಪೆಟ್ಟಿಗೆಗಳು, ಅಂದರೆ ಇನ್‌ಕ್ಯುಬೇಟರ್‌ಗಳು, ಸಾಲುತ್ತಿರಲಿಲ್ಲ. ಒಂದೇ ಪೆಟ್ಟಿಗೆಯಲ್ಲಿ ಹಲವು ಶಿಶುಗಳನ್ನು ಮಲಗಿಸಿದ್ದರಿಂದ ಸೋಂಕು ಹರಡುತ್ತಿತ್ತು. ಆಗ ಡಾ. ಎಡ್ಗರ್ ರೇ ಅವರು ಮಗುವನ್ನು ತಾಯಿಯ ಬರಿಯ ಎದೆಗೆ ಒರಗಿಸಿ ಬಟ್ಟೆಯಿಂದ ಕಟ್ಟುವ ಕ್ರಮವನ್ನು ಆರಂಭಿಸಿದರು. ಡಾ. ಹೆಕ್ಟರ್ ಮಾರ್ಟಿನೆಜ್ ಅದನ್ನು ಮುಂದುವರಿಸಿದರು. ಇದೇ ಕಾಂಗರೂ ಆರೈಕೆ. ಭಾರತವೂ ಸೇರಿ ಐದು ದೇಶಗಳ ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. 1 ಕಿಲೋದಿಂದ 1.8 ಕಿಲೋವರೆಗಿನ ಶಿಶುಗಳಿಗೆ ಹುಟ್ಟಿದ ಕೂಡಲೇ ಈ ಆರೈಕೆ ಆರಂಭಿಸಿದಾಗ, ತಡವಾಗಿ ಆರಂಭಿಸುವುದಕ್ಕೆ ಹೋಲಿಸಿದರೆ, ಮೊದಲ 28 ದಿನಗಳ ಸಾವು ಶೇಕಡಾ 25ರಷ್ಟು ಕಡಿಮೆಯಾಯಿತು. ದಿನಕ್ಕೆ 8ರಿಂದ 24 ಗಂಟೆ, ಸಾಧ್ಯವಾದಷ್ಟು ಹೆಚ್ಚು ಹೊತ್ತು ಹೀಗಿಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಶಿಫಾರಸು ಮಾಡಿದೆ.

ಆದರೆ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ? ರೊಟ್ಟಿ ತಟ್ಟುತ್ತಾ, ನೀರು ಹೊರುತ್ತಾ ಯಾವ ತಾಯಿಯೂ ಮಗುವನ್ನು ಇಷ್ಟು ಹೊತ್ತು ಎದೆಗೆ ಕಟ್ಟಿಕೊಂಡಿರಲಾರಳು. ನಮ್ಮಲ್ಲಿ ಬಾಣಂತಿಗೆ ನಲವತ್ತು ದಿನಗಳ ಚಿಲ್ಲಾ ಇದೆ. ಆ ವಿಶ್ರಾಂತಿಯನ್ನು ಅವಳಿಗೆ ಪೂರ್ತಿ ಕೊಟ್ಟರೆ ಕಾಂಗರೂ ಆರೈಕೆಗೆ ಅದಕ್ಕಿಂತ ಒಳ್ಳೆಯ ಅನುಕೂಲವಿಲ್ಲ. ಅಬ್ಬಾ, ದಾದಿ, ನಾನಿ ಕೂಡ ಸರದಿಯಂತೆ ಮಗುವನ್ನು ಎದೆಗೆ ಹಾಕಿಕೊಳ್ಳಬಹುದು. ಇದರಲ್ಲಿ ಗಂಡಸರು ಸಂಕೋಚಪಡುವ ಅಗತ್ಯವಿಲ್ಲ.

ಇನ್ನು ಕೆಲವು ತಪ್ಪು ನಂಬಿಕೆಗಳನ್ನು ಬಿಡಬೇಕು. ಏಳು ತಿಂಗಳಿಗೆ ಹುಟ್ಟಿದ ಮಗು ಬದುಕುತ್ತದೆ, ಎಂಟು ತಿಂಗಳದ್ದು ಬದುಕುವುದಿಲ್ಲ ಎನ್ನುವುದು ಸುಳ್ಳು. ಗರ್ಭದಲ್ಲಿ ಕಳೆದ ಒಂದೊಂದು ವಾರವೂ ಮಗುವಿನ ಬಲವನ್ನು ಹೆಚ್ಚಿಸುತ್ತದೆ. ಗಿಣ್ಣು ಹಾಲನ್ನು ಹಿಂಡಿ ಚೆಲ್ಲಬೇಡಿ. ಜೇನು, ಘುಟ್ಟಿ, ಸಕ್ಕರೆ ನೀರು ಕೊಡಬೇಡಿ. ಅಜಾನ್ ಹೇಳುವುದಕ್ಕಾಗಿ ಮಗುವಿಗೆ ಸ್ನಾನ ಮಾಡಿಸಬೇಕಾಗಿಲ್ಲ. ಮೈ ಒರೆಸಿ, ಅದು ತಾಯಿಯ ಎದೆಯ ಮೇಲಿರುವಾಗಲೇ ಹೇಳಬಹುದು. ಮಗು ಹಾಲು ಕುಡಿಯದಿದ್ದರೆ, ಮೈ ತಣ್ಣಗಾದರೆ, ಉಸಿರಾಟ ವೇಗವಾದರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಕಾಯಿಲೆಯಾದ ನವಜಾತ ಶಿಶುವಿಗೆ ಚಿಕಿತ್ಸೆ ಉಚಿತ.

ಅವಧಿಪೂರ್ವ ಹೆರಿಗೆಗಳನ್ನೆಲ್ಲ ತಡೆಯಲು ಆಗದು. ಎಷ್ಟೋ ಬಾರಿ ಕಾರಣವೇ ತಿಳಿಯುವುದಿಲ್ಲ. ಆದ್ದರಿಂದ ತಾಯಿಯನ್ನು ದೂರುವುದು ಅನ್ಯಾಯ. ಆದರೆ ಚಿಕ್ಕ ವಯಸ್ಸಿನ ಬಸಿರು, ರಕ್ತಹೀನತೆ, ಸೋಂಕು, ರಕ್ತದೊತ್ತಡ, ಹೆರಿಗೆಗಳ ನಡುವೆ ಅಂತರವಿಲ್ಲದಿರುವುದು, ಇವು ಅಪಾಯವನ್ನು ಹೆಚ್ಚಿಸುತ್ತವೆ. ಹೆಣ್ಣುಮಕ್ಕಳ ಓದನ್ನು ಅರ್ಧಕ್ಕೆ ಬಿಡಿಸಬೇಡಿ ಎಂದು ನಮ್ಮ ಸಂಘ ಹೇಳುತ್ತಾ ಬಂದಿರುವುದಕ್ಕೆ ಇದೂ ಒಂದು ಕಾರಣ.

ವಿದ್ಯಾರ್ಥಿಗಳೇ, ಈ ಮಾತುಗಳನ್ನು ನಿಮ್ಮ ಮನೆಗೆ ಒಯ್ಯಿರಿ. ಅಮ್ಮಿಗೆ, ದಾದಿಗೆ ಅವರ ಭಾಷೆಯಲ್ಲಿ ಓದಿ ಹೇಳಿರಿ. ಮಗು ಅಲ್ಲಾಹನು ನಮಗೆ ಒಪ್ಪಿಸಿದ ಅಮಾನತ್. ಅದನ್ನು ಕಾಪಾಡುವ ತಿಳಿವಳಿಕೆಯನ್ನೂ ತಾಳ್ಮೆಯನ್ನೂ ಅವನು ನಮಗೆಲ್ಲರಿಗೂ ದಯಪಾಲಿಸಲಿ, ಆಮೀನ್.