ಯಾದಗಿರಿಯ ಮಕ್ಕಳ ಪಾಲು
ನಾರಾಯಣಪುರದ ಅಣೆಕಟ್ಟಿನಿಂದ ಹೊರಟ ಕೃಷ್ಣೆಯ ನೀರು ಸುರಪುರ, ಶಹಾಪುರಗಳ ಹೊಲಗಳಲ್ಲಿ ಬತ್ತ ಬೆಳೆಸಿದೆ. ಆದರೆ ನೀರು ಬಂದಷ್ಟು ಬೇಗ ಅಕ್ಷರ ಬರಲಿಲ್ಲ. ಈ ಎರಡು ತಾಲೂಕುಗಳೂ ಯಾದಗಿರಿಯೂ ಕೂಡಿ 2009ರ ಡಿಸೆಂಬರ್ 30ರಂದು ಪ್ರತ್ಯೇಕ ಜಿಲ್ಲೆಯಾದವು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ನೂರಕ್ಕೆ 75 ಇದ್ದರೆ ಇಲ್ಲಿಯದು 52ನ್ನೂ ಮುಟ್ಟಲಿಲ್ಲ. ಹೆಂಗಸರಲ್ಲಿ ಅದು ಬರೀ 41.

ಇದು ಜನರ ಅಲಕ್ಷ್ಯವೆನ್ನಲಾಗದು. ಸುಗ್ಗಿ ಮುಗಿದೊಡನೆ ತಾಯಿತಂದೆ ಬೆಂಗಳೂರು, ಪುಣೆಗಳಿಗೆ ಗುಳೆ ಹೊರಟರೆ ಮಗುವೂ ಶಾಲೆ ಬಿಟ್ಟು ಬೆನ್ನು ಹತ್ತುತ್ತದೆ. ಅದು ಊರಲ್ಲೇ ಉಳಿಯಬೇಕಾದರೆ ಊಟವುಳ್ಳ ವಸತಿನಿಲಯ ಬೇಕು, ಅಂಗನವಾಡಿ ಬೇಕು, ಪಾಠ ಹೇಳುವ ಗುರುಗಳು ಬೇಕು. ಇವಕ್ಕೆಲ್ಲ ವರ್ಷವರ್ಷವೂ ಹಣ ಬೇಕು; ಒಮ್ಮೆ ಕಟ್ಟಡ ಕಟ್ಟಿಸಿ ಕೈತೊಳೆದುಕೊಂಡರೆ ಸಾಲದು.

ಸಂವಿಧಾನದ 98ನೆಯ ತಿದ್ದುಪಡಿಯಿಂದ ಬಂದ 371ಜೆ ವಿಧಿಯು ಈ ಭಾಗಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿಯನ್ನು ಒದಗಿಸಿದೆ. ಅದರ ಕಾರ್ಯದ ವರದಿ ಪ್ರತಿ ವರ್ಷ ವಿಧಾನಸಭೆಯ ಮುಂದೆ ಬರಬೇಕೆಂದೂ ವಿಧಿಸಿದೆ. ಶಾಸಕರಲ್ಲಿ ನಮ್ಮ ಬಿನ್ನಹವಿಷ್ಟೇ: ಆ ವರದಿ ಬಂದಾಗ ರಸ್ತೆಯ ಲೆಕ್ಕದೊಡನೆ, ಗುಳೆ ಹೋಗದೆ ಶಾಲೆಯಲ್ಲುಳಿದ ಮಕ್ಕಳ ಲೆಕ್ಕವನ್ನೂ ಕೇಳಿರಿ. ಹಣ ಸಾಲದಿದ್ದರೆ ಆಯವ್ಯಯದಲ್ಲಿ ಹೆಚ್ಚಿಗೆ ಕೊಡಿಸಿರಿ.

ಇದನ್ನು ಕೇಳುತ್ತಿರುವ ನೀವೂ, ನಿಮ್ಮ ಶಾಸಕರು ಊರಿಗೆ ಬಂದಾಗ, ಇದೇ ಪ್ರಶ್ನೆಯನ್ನು ಕೇಳಿರಿ.