ಆಲಿಕೆಯ ಆಕಾರದ ಒಂದು ಪದ



ಸಿಹಿಗೆಣಸಿನ ಹೂವಿನ ಆಕಾರವನ್ನು ಸಸ್ಯಶಾಸ್ತ್ರಜ್ಞರು ‘ಇನ್‌ಫಂಡಿಬ್ಯುಲಿಫಾರ್ಮ್’ ಎನ್ನುತ್ತಾರೆ. ವಿದ್ಯಾರ್ಥಿಯ ನಾಲಗೆ ಇಲ್ಲಿ ತೊಡರುವುದು ಸಹಜ. ಇನ್–ಫನ್–ಡಿಬ್–ಯು–ಲಿ–ಫಾರ್ಮ್ ಎಂದು ಆರು ಉಚ್ಚಾರಾಂಶಗಳಾಗಿ ಬಿಡಿಸಿ, ಮೂರನೆಯದಕ್ಕೆ ಒತ್ತುಕೊಟ್ಟು ನುಡಿದರೆ ತೊಡಕು ಕಳೆಯುವುದು.

ಆದರೆ ಉಚ್ಚಾರಣೆಯೊಂದೇ ಸಾಲದು. ಲ್ಯಾಟಿನ್ ಭಾಷೆಯಲ್ಲಿ ‘ಇನ್’ ಎಂದರೆ ಒಳಗೆ, ‘ಫುಂಡೆರೆ’ ಎಂದರೆ ಹೊಯ್ಯುವುದು, ‘ಬುಲುಮ್’ ಎಂಬುದು ಸಾಧನವನ್ನು ಸೂಚಿಸುವ ಪ್ರತ್ಯಯ. ಸಂಸ್ಕೃತದಲ್ಲಿ ಅಗೆಯುವ ಸಾಧನವು ‘ಖನಿತ್ರ’ವಾದಂತೆ, ಅಲ್ಲಿ ಒಳಗೆ ಹೊಯ್ಯುವ ಸಾಧನವು ‘ಇನ್‌ಫುಂಡಿಬುಲುಮ್’ ಆಯಿತು. ಅದು ನಮ್ಮ ಅಡಿಗೆಮನೆಯ ಆಲಿಕೆಯೇ! ‘ಫಾರ್ಮ’ ಎಂದರೆ ಆಕಾರ. 1751ರ ‘ಫಿಲಾಸಫಿಯಾ ಬೊಟಾನಿಕಾ’ ಗ್ರಂಥದಲ್ಲಿ ಲಿನೀಯಸನು ಬಳಸಿದ ಪದವಿದು.

ಧಾತುವನ್ನು ತಿಳಿಯದೆ ಕಂಠಪಾಠ ಮಾಡಿದವನಿಗೆ ದೊರೆಯುವುದು ಬರಿಯ ಸದ್ದು. ‘ಆಲಿಕೆಯಾಕಾರದ’ ಎಂದು ಮೊದಲು ಕನ್ನಡದಲ್ಲಿ ಕೇಳಿದವನಿಗಾದರೋ ಹೂವೇ ಕಣ್ಣೆದುರು ನಿಲ್ಲುವುದು. ಉಪಾಧ್ಯಾಯರು ಅರ್ಥವನ್ನು ಮುಂದಿಟ್ಟು, ಅನಂತರ ಹೆಸರನ್ನು ಹೇಳಲಿ.